ತಳದಲ್ಲಿ ಓಡಾಡುವ ಕೋರಿ ಮೀನು ಸಾಕಿದವರು ಅನುಭವ ಹೇಳಿ

ಠಾಣೆಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡೂವರೆ ಅಡಿಯ ಟ್ಯಾಂಕ್, ಅದರಲ್ಲಿ ಗಪ್ಪಿ ಮತ್ತು ನಿಯಾನ್ ಟೆಟ್ರಾ ಇವೆ. ತಳಕ್ಕೆ ಬಣ್ಣದ ಜಲ್ಲಿ ಹಾಕಿದ್ದೇವೆ. ಮಗಳಿಗೆ ಕೋರಿಡೋರಾಸ್ (ಕೋರಿ ಅಂತಾರಲ್ಲ, ಮೀಸೆಯಿರುವ ಆ ಪುಟ್ಟ ಕ್ಯಾಟ್‌ಫಿಶ್) ಬೇಕಂತೆ. ಅಂಗಡಿಯವರು "ಎರಡು ಸಾಕು, ಕಸವೆಲ್ಲ ತಿಂದು ಟ್ಯಾಂಕ್ ಕ್ಲೀನ್ ಇಡುತ್ತವೆ" ಅಂದರು. ನಿಜವೇ? ಮೇ ತಿಂಗಳ ಸೆಕೆ ತಡೆಯುತ್ತವೆಯೇ?

ಡೊಂಬಿವಲಿಯಿಂದ:
ಎರಡು ಖಂಡಿತ ಸಾಲದು ಮಾರಾಯ್ರೆ. ಇವು ಗುಂಪಿನಲ್ಲೇ ಬದುಕುವ ಮೀನು. ಒಂದೇ ಜಾತಿಯವು ಕಡಿಮೆಯೆಂದರೂ ಆರು ಇರಲಿ. ಎರಡೇ ಇದ್ದರೆ ಫಿಲ್ಟರ್ ಹಿಂದೆ ಅಡಗಿ ಕೂರುತ್ತವೆ, ಮಗಳಿಗೆ ನೋಡಲೂ ಸಿಗುವುದಿಲ್ಲ. ಆರೆಂಟು ಇದ್ದರೆ ಹಗಲಲ್ಲೇ ಸಾಲಾಗಿ ತಳ ಹುಡುಕುತ್ತ ಹೊರಡುತ್ತವೆ, ಆ ಚಂದವೇ ಬೇರೆ.

ಮೀನು ತರುವ ಮುಂಚೆ ಆ ಜಲ್ಲಿ ತೆಗೆಯಿರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಕೋರಿ ಮೂತಿಯನ್ನು ತಳಕ್ಕೆ ಹೂತು, ಮರಳನ್ನು ಬಾಯಿಗೆ ತೆಗೆದುಕೊಂಡು, ತಿನ್ನುವುದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಜಲ್ಲಿಯಲ್ಲಿ ಅದಾಗುವುದಿಲ್ಲ. ಚೂಪು ಕಲ್ಲು, ಅದರ ಸಂದಿಯಲ್ಲಿ ಕೊಳೆಯುವ ಆಹಾರ ಎರಡೂ ಸೇರಿ ಮೀಸೆ ಹಾಳಾಗುತ್ತದೆ. ಪರಿಚಯದವರೊಬ್ಬರ ಮನೆಯಲ್ಲಿ ಮೀಸೆ ಪೂರ್ತಿ ಸವೆದು ಮೂತಿ ಕೆಂಪಾದ ಕೋರಿಗಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ನಯವಾದ ಸಣ್ಣ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು ಒಂದೂವರೆ ಇಂಚು ಹಾಕಿ. ಜುಹೂ, ಗೊರಾಯಿ ಕಡೆಯ ಬೀಚ್ ಮರಳು ಮಾತ್ರ ಬೇಡ, ಉಪ್ಪು ಮತ್ತು ಚಿಪ್ಪಿನ ಚೂರು ಇರುತ್ತದೆ.

ಇನ್ನು ಕಸ ತಿನ್ನುವ ಮಾತು. ಉಳಿದ ಆಹಾರ ಸಿಕ್ಕರೆ ತಿನ್ನುತ್ತವೆ, ಹಿಕ್ಕೆ ತಿನ್ನುವುದಿಲ್ಲ, ಪಾಚಿಯನ್ನೂ ಅಲ್ಲ. ಗಪ್ಪಿಗಳು ಮೇಲೆಯೇ ಎಲ್ಲ ಮುಗಿಸಿಬಿಡುತ್ತವೆ. ಹಾಗಾಗಿ ರಾತ್ರಿ ಲೈಟ್ ಆರಿಸಿದ ಮೇಲೆ ತಳಕ್ಕೆ ಮುಳುಗುವ ಪೆಲೆಟ್ ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುವುದು ನಿಮ್ಮದೇ ಕೆಲಸ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬೇಡಿ.

ಪುಣೆ, ಕಾತ್ರಜ್‌ನಿಂದ:
ಸೆಕಿ ಬಗ್ಗೆ ನಾ ಹೇಳ್ತೀನ್ರಿ. ಎಲ್ಲಾ ಕೋರಿ ಒಂದೇ ಅಲ್ಲ. ಪೆಪ್ಪರ್ಡ್, ಪಾಂಡಾ ಇವಕ್ಕ ತಂಪು ನೀರು ಬೇಕು, 25 ಡಿಗ್ರಿ ಒಳಗಿದ್ರ ಚೊಲೋ. ನಮ್ಮ ಕಡೆ ರಾತ್ರಿ ತಂಪಾಗತೈತಿ, ಹೆಂಗೋ ನಡೀತದ. ಠಾಣೆದಾಗ ಸ್ಟರ್ಬಾಯ್ ಅನ್ನೋ ಜಾತಿ ಕೋರಿ ತಗೋರಿ, 28 ಡಿಗ್ರಿತನಾ ತಡಕೋತಾವ. ರೊಕ್ಕ ಸ್ವಲ್ಪ ಜಾಸ್ತಿ, ಆದ್ರ ಬ್ಯಾಸಗಿಗೆ ಜೀವ ಉಳೀತಾವಲ್ರಿ. ನೀರು ಕಾದಷ್ಟೂ ಅದರಾಗ ಆಕ್ಸಿಜನ್ ಕಮ್ಮಿ, ಅದಕ್ಕ ಏರ್ ಪಂಪ್ ಹಗಲೂ ರಾತ್ರಿ ನಡೀಲಿ. ಮುಚ್ಚಳ ತಗದು ಜಾಳಿಗಿ ಹಾಕಿ, ನೀರಿನ ಮ್ಯಾಲೆ ಸಣ್ಣ ಫ್ಯಾನ್ ಬಿಟ್ರ ಎರಡು ಮೂರು ಡಿಗ್ರಿ ಇಳೀತದ. ಐಸ್ ಹಾಕಬ್ಯಾಡ್ರಿ, ಒಮ್ಮೆಲೇ ಥಂಡಿ ಆದ್ರ ಅದೂ ಕೆಟ್ಟ.

ಮಡಗಾಂವ್‌ನಿಂದ:
ಒಂದು ವಿಷಯ ಮಗಳಿಗೆ ಮೊದಲೇ ಹೇಳಿಡಿ. ಕೋರಿ ಆಗಾಗ ಬಾಣದಂತೆ ಮೇಲಕ್ಕೆ ಹೋಗಿ ಗಾಳಿ ನುಂಗಿ ಬರುತ್ತದೆ. ಅದು ಕಾಯಿಲೆಯಲ್ಲ, ಅದರ ಕರುಳೂ ಗಾಳಿಯಿಂದ ಆಮ್ಲಜನಕ ಹೀರುತ್ತದೆ. ನೀರನ್ನು ಅಂಚಿನವರೆಗೆ ತುಂಬದೆ ಸ್ವಲ್ಪ ಜಾಗ ಬಿಡಿ. ಎಲ್ಲವೂ ನಿಮಿಷ ನಿಮಿಷಕ್ಕೂ ಏರತೊಡಗಿದರೆ ಮಾತ್ರ ನೀರು ಕೆಟ್ಟಿದೆ ಎಂದುಕೊಂಡು ತಕ್ಷಣ ಅಮೋನಿಯಾ (ಹಿಕ್ಕೆ, ಕೊಳೆತ ಆಹಾರದಿಂದ ನೀರಿನಲ್ಲಿ ಸೇರುವ ವಿಷ) ಪರೀಕ್ಷಿಸಿ.

ಹಿಡಿಯಲು ಬಲೆ ಬೇಡ, ಡಬ್ಬಿಯಲ್ಲಿ ಎತ್ತಿ. ಬೆನ್ನಿನ ಮತ್ತು ಎದೆಯ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳಿದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ, ಕೈಗೆ ಚುಚ್ಚಿದರೆ ಚೆನ್ನಾಗಿ ಉರಿಯುತ್ತದೆ. ತುಂಬ ಹೆದರಿದರೆ ವಿಷವನ್ನೂ ಬಿಡುತ್ತವೆ, ಪುಟ್ಟ ಚೀಲದಲ್ಲಿ ಅದೇ ಅವಕ್ಕೆ ಮುಳುವು. ಕ್ರಾಫರ್ಡ್ ಮಾರ್ಕೆಟ್‌ನಿಂದ ಲೋಕಲ್ ಟ್ರೈನಿನಲ್ಲಿ ತರುವುದಾದರೆ ಜನ ಕಡಿಮೆಯಿರುವ ಹೊತ್ತು ನೋಡಿ, ಎರಡು ಮೂರು ಚೀಲಗಳಲ್ಲಿ ಹಂಚಿ, ಕತ್ತಲಾಗುವಂತೆ ಬಟ್ಟೆ ಸುತ್ತಿ ತನ್ನಿ. ಆ ಚೀಲದ ನೀರನ್ನು ನಿಮ್ಮ ಟ್ಯಾಂಕಿಗೆ ಸುರಿಯಬೇಡಿ.

ಡೊಂಬಿವಲಿಯಿಂದ ಮತ್ತೆ:
ಜೊತೆಗಾರರ ಬಗ್ಗೆ ಬಿಟ್ಟುಹೋಗಿತ್ತು. ಟೆಟ್ರಾ, ಗಪ್ಪಿ ಎರಡರ ಜೊತೆಯೂ ಜಗಳವಿಲ್ಲ. ಮುಂದೆ ಯಾರಾದರೂ ಸಿಕ್ಲಿಡ್ (ಹೆಚ್ಚಿನವು ಜಗಳಗಂಟ ಮೀನು) ಉಡುಗೊರೆ ಕೊಟ್ಟರೆ ಇದರಲ್ಲಿ ಬಿಡಬೇಡಿ. ಮಳೆಗಾಲ ಶುರುವಾದ ಮೇಲೆ ಸ್ವಲ್ಪ ತಂಪಾದ ನೀರು ಬದಲಾಯಿಸಿದ ಮಾರನೇ ದಿನ ಗಾಜಿನ ಮೇಲೆ ಅಂಟಿದ ಸಣ್ಣ ಮೊಟ್ಟೆಗಳು ಕಂಡರೂ ಕಾಣಬಹುದು. ಅಲ್ಲೇ ಬಿಟ್ಟರೆ ಟ್ಯಾಂಕಿನ ಮೀನುಗಳೇ ತಿಂದು ಮುಗಿಸುತ್ತವೆ. ಮರಿ ಬೇಕಿದ್ದರೆ ಬೆರಳಿನಿಂದ ಮೆಲ್ಲಗೆ ಬಿಡಿಸಿ, ಅದೇ ಟ್ಯಾಂಕಿನ ನೀರು ತುಂಬಿದ ಬೇರೆ ಡಬ್ಬಿಗೆ ಹಾಕಿ, ಏರ್ ಸ್ಟೋನ್ (ಏರ್ ಪಂಪ್‌ನ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಕಲ್ಲು) ಇಡಿ.