ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು

ತೋಟದಮನೆ (ತೀರ್ಥಹಳ್ಳಿ ಕಡೆ):
ಮಗಳು ಈ ವರ್ಷ 8ನೇ ಕ್ಲಾಸು. ಏಳರವರೆಗೆ ಊರಿನ ಶಾಲೆ, ಅವಳ ಕ್ಲಾಸಿನಲ್ಲಿ 6 ಮಕ್ಕಳು. ಈಗ ಪೇಟೆಯ ಹೈಸ್ಕೂಲು, ಇಂಗ್ಲಿಷ್ ಮೀಡಿಯಂ, ಒಂದೇ ರೂಮಿನಲ್ಲಿ 52 ಜನ. ಜೂನ್ ಕೊನೆಯಿಂದ ಸೋಮವಾರ ಬಂತೆಂದರೆ ಹೊಟ್ಟೆನೋವು. ಸ್ಕ್ಯಾನಿಂಗ್ ಮಾಡಿಸಿದೆವು, ಏನೂ ಇಲ್ಲ ಅಂದರು. ಓಮದ ಕಷಾಯ ಆಯ್ತು, ಅಜ್ಜಿ ದೃಷ್ಟಿಯನ್ನೂ ತೆಗೆದರು. ಮೊನ್ನೆ ಮಳೆಗೆ ಡಿಸಿ ರಜೆ ಕೊಟ್ಟಿದ್ದಾರೆ ಅಂತ ಮೆಸೇಜ್ ಬಂದಿದ್ದೇ ತಡ, ಎದ್ದು ಬಂದು ಪತ್ರೊಡೆ ತಿಂದಳು. ‘ನೋಡು, ಎಲ್ಲ ನಾಟಕ’ ಅಂದರು ನಮ್ಮನೆಯವರು. ಆದರೆ ಜಡೆ ಹಾಕುವಾಗ ನಾನು ನೋಡಿದ್ದೇನೆ. ಈ ಥಂಡಿಯಲ್ಲೂ ಅವಳ ಕತ್ತಿನ ಹಿಂದೆ ಬೆವರಿರುತ್ತದೆ. ನಾಟಕಕ್ಕೆ ಬೆವರು ಬರುತ್ತದಾ? ಏನು ಮಾಡಲಿ, ಹೇಳಿ.

ನಿವೃತ್ತ ಮೇಷ್ಟ್ರು, ಸಾಗರ:
ಅಮ್ಮಾ, ಅದು ನಾಟಕ ಅಲ್ಲ. 34 ವರ್ಷ ಮಕ್ಕಳ ಜೊತೆ ಇದ್ದವನು ಹೇಳುತ್ತಿದ್ದೇನೆ. ದೊಡ್ಡವರು ಭಯವನ್ನು ಬಾಯಲ್ಲಿ ಹೇಳುತ್ತೇವೆ, ಮಕ್ಕಳಿಗೆ ಅದು ಹೊಟ್ಟೆಯಲ್ಲಿ, ತಲೆಯಲ್ಲಿ ಬರುತ್ತದೆ. ನೋವು ನಿಜವಾಗಿಯೂ ಆಗುತ್ತದೆ. ರಜೆ ದಿನ ಹೋಯಿತು ಅಂದರೆ ಸುಳ್ಳು ಅಂತಲ್ಲ, ಹೆದರಿಕೆ ಶಾಲೆಯಲ್ಲಿದೆ ಅಂತ. ಎದುರಿಗೆ ಕೂರಿಸಿಕೊಂಡು ‘ಏನಾಯ್ತು ಹೇಳು’ ಅನ್ನಬೇಡಿ, ಬಾಯಿ ಕಟ್ಟಿಹೋಗುತ್ತದೆ. ಇಬ್ಬರೂ ಏನಾದರೂ ಕೆಲಸ ಮಾಡುತ್ತಾ ಕೂತಿರಿ. ಓದಿನ ಸುದ್ದಿ ಬೇಡ. ಮಧ್ಯಾಹ್ನ ಯಾರ ಜೊತೆ ಊಟಕ್ಕೆ ಕೂರ್ತೀಯ ಅಂತ ಕೇಳಿ, ಅಷ್ಟೇ. ಆಮೇಲೆ ಸುಮ್ನೆ ಇರಿ.

ನರ್ಸಕ್ಕ, ಶಿವಮೊಗ್ಗ:
ಮೇಷ್ಟ್ರು ಹೇಳಿದ್ದು ಸರಿ. ಇದರ ಜೊತೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಆರೋಗ್ಯಕ್ಕಿರುವ ಸರ್ಕಾರಿ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ತಾಯಿಯಾಗಿ ನೀವೇ ಕೇಳಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ‘ಹುಚ್ಚಿನ ಡಾಕ್ಟರು’ ಅನ್ನುವವರ ಮಾತಿಗೆ ಕಿವಿ ಕೊಡಬೇಡಿ. ಊಟ, ನಿದ್ದೆ ಜಾಸ್ತಿ ತಪ್ಪಿದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಶಾಲೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೆ, ಹೀಯಾಳಿಸುತ್ತಿದ್ದರೆ ಅದೂ ಗೊತ್ತಿರಲಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ.

ಹೊಸನಗರದ ಹುಡುಗ:
ಅಕ್ಕಾ, ನಂಗೂ ಹೀಗೇ ಆಗಿತ್ತು. ಯಾರೂ ನಂಬಲಿಲ್ಲ, ಅದೇ ಜಾಸ್ತಿ ನೋವು. ನೀವು ಬೆವರು ನೋಡಿದಿರಲ್ಲ, ಅದನ್ನು ಅವಳಿಗೆ ಹೇಳಿ. ನಿಂಗೆ ನೋವಾಗ್ತಿದೆ ಅಂತ ನಂಗೆ ಗೊತ್ತು ಅನ್ನಿ.

ತೋಟದಮನೆ:
ಎಲ್ಲರಿಗೂ ಉತ್ತರ ಕೊಡಲು ತಡವಾಯ್ತು. ಭಾನುವಾರ ಹಲಸಿನ ಬೀಜ ಸುಲಿಯುತ್ತಾ ಕೂತಿದ್ದೆವು. ಮೇಷ್ಟ್ರು ಹೇಳಿದ ಹಾಗೇ ಕೇಳಿದೆ. ತುಂಬಾ ಹೊತ್ತು ಮಾತೇ ಇಲ್ಲ. ಹತ್ತಿಪ್ಪತ್ತು ಬೀಜ ಆದಮೇಲೆ, ‘ಯಾರ ಜೊತೆನೂ ಇಲ್ಲ’ ಅಂದಳು. ಇಂಗ್ಲಿಷ್ ಪಾಠ ನಿಂತು ಓದುವಾಗ ತಡವರಿಸಿದಳಂತೆ. ಅವತ್ತಿನಿಂದ ಬೆಂಚಿನವರು ಅವಳ ಹಾಗೇ ಓದಿ ನಗುತ್ತಾರಂತೆ. ಊಟದ ಹೊತ್ತಿಗೆ ನಲ್ಲಿ ಹತ್ತಿರ ಹೋಗಿ ನಿಲ್ಲುತ್ತಾಳೆ, ಡಬ್ಬಿಯ ಅನ್ನ ವಾಪಸ್ ಬರುವ ದಾರಿಯಲ್ಲಿ ನಾಯಿಗೆ. ದಿನಾ ಡಬ್ಬಿ ಖಾಲಿ ಇದೆ ಅಂತ ನಾನು ಖುಷಿಪಡುತ್ತಿದ್ದೆ.

14416ಕ್ಕೂ ಮಾತಾಡಿದೆ. ಗುರುವಾರ ಕ್ಲಾಸ್ ಟೀಚರ್ ಹತ್ತಿರ ಹೋದೆವು, ನಮ್ಮನೆಯವರೂ ಬಂದರು. ಟೀಚರ್ ಪೂರ್ತಿ ಕೇಳಿಸಿಕೊಂಡರು. ನಮ್ಮ ಬಸ್ಸಿನಲ್ಲೇ ಬರುವ ಹುಡುಗಿಯ ಪಕ್ಕ ಕೂರಿಸಿದ್ದಾರೆ. ಸದ್ಯಕ್ಕೆ ಒಬ್ಬಳನ್ನೇ ನಿಲ್ಲಿಸಿ ಓದಿಸುವುದಿಲ್ಲ, ನಗುವವರ ಹತ್ತಿರವೂ ಮಾತಾಡುತ್ತೇನೆ ಅಂದಿದ್ದಾರೆ.

ಈ ಸೋಮವಾರವೂ ನೋವು ಬಂತು. ಜಡೆ ಹಾಕುತ್ತಾ ‘ಗೊತ್ತು ಪುಟ್ಟಿ’ ಅಂದೆ. ಹೋದಳು. ಸಂಜೆ ಡಬ್ಬಿಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ನಾಯಿಗೆ ಹಾಕಿರಲಿಲ್ಲ.