ಲೋಟಸ್ ಎಲಾನ್‌ಗೆ ಇಷ್ಟೊಂದು ಹೊಗಳಿಕೆ ಯಾಕೆ?

ಪ್ರಶ್ನೆ:
1975ರ ಪೋರ್ಶೆ 911 ಟರ್ಬೊದಲ್ಲಿ 3 ಲೀಟರ್ ಎಂಜಿನ್, 260 ಎಚ್‌ಪಿ ಇದೆ. 60ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಲೋಟಸ್ ಎಲಾನ್‌ನದು ಬರೀ 1.6 ಲೀಟರ್. ಆದರೂ ಓಡಿಸಿದವರೆಲ್ಲ ಎಲಾನೇ ಮೇಲು ಅಂತ ಹೇಳುತ್ತಾರೆ. ಯಾಕೆ?

ಉತ್ತರ 1:
ನನ್ನ ಓಟು ಟರ್ಬೊಗೆ. ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಹೆಚ್ಚಿನ ಗಾಳಿಯ ಒತ್ತಡ) ಬಂತು ಅಂದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಗೇರ್ ನಾಲ್ಕೇ, ಸಾಕು!

ಉತ್ತರ 2:
ಎಚ್‌ಪಿ ಆಮೇಲೆ, ಮೊದಲು ತೂಕ ನೋಡಿ. ಎಲಾನ್ ಹೆಚ್ಚುಕಡಿಮೆ 700 ಕೆಜಿ, ಅಷ್ಟೇ. ನಡುವೆ ಬೆನ್ನೆಲುಬಿನ ಹಾಗೆ ಒಂದು ಸ್ಟೀಲ್ ಚಾಸಿಸ್, ಮೇಲೆ ಫೈಬರ್‌ಗ್ಲಾಸ್ ಬಾಡಿ. ಸ್ಪ್ರಿಂಗ್ ಮೆತ್ತಗಿದೆ. ತಿರುವಿನಲ್ಲಿ ಬಾಡಿ ವಾಲುತ್ತದೆ, ಟೈರ್ ಮಾತ್ರ ರಸ್ತೆ ಬಿಡುವುದಿಲ್ಲ. ರಸ್ತೆ ಎಲ್ಲಿ ನುಣುಪು, ಎಲ್ಲಿ ತರಿತರಿ ಅಂತ ಸ್ಟೀರಿಂಗ್ ಹಿಡಿದ ಬೆರಳಿಗೇ ಗೊತ್ತಾಗುತ್ತದೆ. ನನಗೆ ಬೇಕಾದ್ದು ಅದು.

ಟರ್ಬೊದಲ್ಲಿ ಎಂಜಿನ್ ಹಿಂದಿನ ಆಕ್ಸಲ್‌ಗಿಂತ ಆಚೆ ಇದೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿಯುತ್ತದೆ. ಹಿಂದಿನ ಟೈರ್ ಹಿಡಿತ ಬಿಡುತ್ತದೆ, ಹಿಂಭಾಗ ಹೊರಕ್ಕೆ ತಿರುಗುತ್ತದೆ. ನೇರ ರಸ್ತೆಯಲ್ಲಿ ಅದು ಅದ್ಭುತ ಕಾರು, ಒಪ್ಪುತ್ತೇನೆ. ಆದರೆ ರಸ್ತೆ ಯಾವಾಗಲೂ ನೇರ ಇರಲ್ಲ, ಅಲ್ವಾ?

ಪ್ರಶ್ನೆ ಕೇಳಿದವರು:
ಸರಿ, ಎಲಾನ್ ನೋಡಲು ಹೋದರೆ ಏನೇನು ಪರೀಕ್ಷೆ ಮಾಡಬೇಕು?

ಉತ್ತರ 2:
ಪೇಂಟ್ ಹೊಳಪು ನೋಡಿ ಮರುಳಾಗಬೇಡಿ. ಫೈಬರ್ ಬಾಡಿಗೆ ತುಕ್ಕು ಹಿಡಿಯಲ್ಲ, ಕೆಳಗಿನ ಚಾಸಿಸ್‌ಗೆ ಹಿಡಿಯುತ್ತದೆ. ಹಳೆಯ ಎಲಾನ್‌ನ ಹೆಡ್‌ಲೈಟ್ ಬಾಡಿಯೊಳಗೆ ಅಡಗಿರುತ್ತದೆ, ವ್ಯಾಕ್ಯೂಮ್‌ನಿಂದ (ಗಾಳಿ ಹೀರಿ ತೆಗೆದ ನಿರ್ವಾತದಿಂದ) ಮೇಲೇಳುತ್ತದೆ. ಆ ವ್ಯಾಕ್ಯೂಮ್ ಇರುವುದು ಚಾಸಿಸ್‌ನ ಮುಂದಿನ ಟೊಳ್ಳು ಅಡ್ಡಭಾಗದಲ್ಲೇ. ಹೆಡ್‌ಲೈಟ್ ಎಬ್ಬಿಸಿ, ಎಂಜಿನ್ ಆಫ್ ಮಾಡಿ, ಸುಮ್ನೆ ನಿಂತು ನೋಡಿ. ಬೇಗ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಪೈಪ್ ಇರಬಹುದು, ತುಕ್ಕು ಹಿಡಿದು ತೂತಾದ ಚಾಸಿಸ್ಸೂ ಇರಬಹುದು.

ಆಮೇಲೆ ಹಿಂದಿನ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್‌ನ ರಬ್ಬರ್ ಕಪ್ಲಿಂಗ್. ಅದರಲ್ಲಿ ಬಿರುಕು ಕಂಡರೆ ಓಡಿಸಲೇಬೇಡಿ.

ಉತ್ತರ 3:
ಚಾಸಿಸ್ ಬದಲಾಯಿಸಿದ್ದರೆ ಒರಿಜಿನಲ್ ಅಂತ ಹೇಗೆ ಹೇಳುವುದು?

ಉತ್ತರ 2:
ಗ್ಯಾಲ್ವನೈಸ್ ಮಾಡಿದ (ತುಕ್ಕು ಹಿಡಿಯದಂತೆ ಸತು ಲೇಪಿಸಿದ) ಹೊಸ ಚಾಸಿಸ್ ಇರುವ ಎಲಾನ್ ಸಿಕ್ಕರೆ ನಾನು ಎರಡು ಕಾಸು ಜಾಸ್ತಿಯೇ ಕೊಡುತ್ತೇನೆ. ಈ ಕಾರು ಇರುವುದು ಓಡಿಸುವುದಕ್ಕೆ.