ಮನೆಯಲ್ಲೇ ಕಲಿಯುವ ಮಗನ ಕಾಗುಣಿತ ತಿದ್ದುವುದು ಹೇಗೆ? ಅನುಭವವಿದ್ದವರು ತಿಳಿಸಿ

ನನ್ನ ಮಗನಿಗೆ 10 ವರ್ಷ. ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಕಥೆ ಪುಸ್ತಕಗಳನ್ನು ನಿರರ್ಗಳವಾಗಿ ಓದುತ್ತಾನೆ. ಬರೆಯಲು ಕುಳಿತರೆ ಮಾತ್ರ ‘ವಿದ್ಯಾರ್ಥಿ’ ಹೋಗಿ ‘ವಿಧ್ಯಾರ್ತಿ’ಯಾಗುತ್ತದೆ, ‘ಶುಭಾಶಯ’ ಹೋಗಿ ‘ಶುಬಾಷಯ’ವಾಗುತ್ತದೆ. ದಿನವೂ ಉಕ್ತಲೇಖನ ಕೊಡಬೇಕೇ, ಕಾಪಿ ಬರೆಸಬೇಕೇ ಅಥವಾ ಓದುತ್ತಾ ಓದುತ್ತಾ ತಾನಾಗಿ ಸರಿಹೋಗುತ್ತದೆಯೇ?

ಇಬ್ಬರು ಹೆಣ್ಣುಮಕ್ಕಳ ತಾಯಿ:
ತಾನಾಗಿ ಸರಿಹೋಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಓದುವಾಗ ಕಣ್ಣು ಸಂದರ್ಭವನ್ನು ಹಿಡಿದು ಮುಂದೆ ಓಡುತ್ತದೆಯೇ ಹೊರತು ‘ದ’ಕಾರದ ಹೊಟ್ಟೆ ಸೀಳಿದೆಯೇ ಇಲ್ಲವೇ ಎಂದು ನಿಂತು ನೋಡುವುದಿಲ್ಲ. ನಮ್ಮಲ್ಲಿ ಹಿರಿಯ ಮಗಳಿಗೆ ಉಕ್ತಲೇಖನವೇ ದಾರಿಯಾಯಿತು. ಆದರೆ ಪಾಠವನ್ನು ಅವಳು ಮೊದಲೇ ಓದಿ, ತನಗೆ ಅನುಮಾನವಿರುವ ಪದಗಳಿಗೆ ತಾನೇ ಅಡಿಗೆರೆ ಎಳೆದಿರಬೇಕು. ಬರೆದ ಮೇಲೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಅವಳೇ ತಾಳೆ ನೋಡುತ್ತಾಳೆ. ತಪ್ಪಿದ ಪದದ ಸರಿರೂಪ ಮಾತ್ರ ಬೇರೊಂದು ನೋಟ್‌ಬುಕ್ಕಿಗೆ ಹೋಗುತ್ತದೆ. ಅದೇ ಪದ ಮರುದಿನ, ವಾರದ ನಂತರ, ತಿಂಗಳ ನಂತರ ಬೇರೆ ಬೇರೆ ವಾಕ್ಯಗಳೊಳಗೆ ತಿರುಗಿ ಬರುತ್ತದೆ. ಇದಕ್ಕೆ ತೆತ್ತದ್ದು ಕಡಿಮೆಯೇನಲ್ಲ. ಸಂಜೆಗಳೆಲ್ಲ ಹೋದವು, ಕಿರಿಯವಳು ಅಷ್ಟು ಹೊತ್ತು ಒಬ್ಬಳೇ ಕೂರಬೇಕಾಯಿತು, ರಜೆಯಲ್ಲಿ ಅಭ್ಯಾಸ ತಪ್ಪಿದಾಗ ದೀರ್ಘಗಳೆಲ್ಲ ಮತ್ತೆ ಮಾಯವಾದವು. ಆದರೂ ಇಂದು ಅವಳು ಬರೆದದ್ದನ್ನು ಯಾರ ಮುಂದೆ ಬೇಕಾದರೂ ಇಡಬಲ್ಲೆ. ಶಿಸ್ತಿಲ್ಲದ ಮನೆಯಲ್ಲಿ ಇದು ಆಗುವ ಕೆಲಸವಲ್ಲ.

ಪತ್ರಪ್ರಿಯೆ:
ಶಿಸ್ತಿನ ಹೆಸರಿನಲ್ಲಿ ನನ್ನ ಮಗಳು ಅನುಭವಿಸಿದ್ದನ್ನೂ ಕೇಳಿ. ಮನೆಗೆ ಬಂದು ಕಲಿಸುತ್ತಿದ್ದ ಶಿಕ್ಷಕರೊಬ್ಬರು ತಪ್ಪಿದ ಪ್ರತಿ ಪದವನ್ನೂ ಪುಟದ ತುಂಬ ಬರೆಸುತ್ತಿದ್ದರು. ಮಗು ಪುಸ್ತಕವನ್ನು ನೋಡದೆ ತಾನೇ ಬರೆದ ಮೇಲಿನ ಸಾಲನ್ನು ನೋಡಿ ಬರೆಯುವುದರಿಂದ, ನಡುವೆ ಒಂದು ಒತ್ತು ತಪ್ಪಿದರೆ ಆ ತಪ್ಪು ಪುಟದ ಕೊನೆಯವರೆಗೂ ಇಳಿಯುತ್ತಿತ್ತು. ಶುಲ್ಕ ಕೊಟ್ಟು ತಪ್ಪನ್ನೇ ಗಟ್ಟಿಮಾಡಿಸಿದಂತಾಯಿತು. ಬೆರಳು ನೋವಿನದು ಒಂದು ಕಡೆಯಾದರೆ, ಅವಳು ಕಷ್ಟದ ಪದಗಳಿಂದಲೇ ದೂರ ಸರಿದಳು. ‘ಆಶ್ಚರ್ಯ’ ಬರೆಯಬೇಕಾದಲ್ಲಿ ‘ಅಚ್ಚರಿ’ ಬರೆದಳು, ‘ಪ್ರಾರ್ಥನೆ’ ಬರುವ ವಾಕ್ಯವನ್ನೇ ಕೈಬಿಟ್ಟಳು, ಕಡೆಗೆ ಅಜ್ಜನಿಗೆ ಪತ್ರ ಬರೆಯುವುದನ್ನೂ ನಿಲ್ಲಿಸಿದಳು. ಆ ಶಿಕ್ಷಕರನ್ನು ಬಿಡಿಸಿದ ಮೇಲೆ ಪತ್ರಗಳು ಮತ್ತೆ ಶುರುವಾದವು, ತಪ್ಪುಗಳೊಂದಿಗೇ. ನನಗೆ ಅಷ್ಟು ಸಾಕು.

ಹೊಸ ಬರಹದ ಓದುಗ:
ಆ ಹುಡುಗಿ ಆರಿಸಿಕೊಂಡ ‘ಅಚ್ಚರಿ’ ಕನ್ನಡದ ನಾಲಿಗೆಗೆ ಒಗ್ಗಿದ ತದ್ಭವ. ಅದನ್ನು ನಷ್ಟವೆಂದೇಕೆ ಎಣಿಸುತ್ತೀರಿ? ವರ್ಗೀಯ ವ್ಯಂಜನಗಳು 25, ಅವುಗಳಲ್ಲಿ ಮಹಾಪ್ರಾಣಗಳು 10. ಆಡುಮಾತಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಇವನ್ನು ಬೇರೆಯಾಗಿ ನುಡಿಯುವುದೇ ಇಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ‘ಹೊಸ ಬರಹ’ ಎಂದು ತಾವು ಮುಂದಿಟ್ಟ ಸರಳ ಬರವಣಿಗೆಯ ಕ್ರಮದಲ್ಲಿ ಮಹಾಪ್ರಾಣಗಳನ್ನು ಕೈಬಿಟ್ಟದ್ದು ಇದೇ ಕಾರಣಕ್ಕೆ. ಕಿವಿಗೆ ಬೀಳದ ವ್ಯತ್ಯಾಸಕ್ಕಾಗಿ ಮಕ್ಕಳನ್ನು ಗೋಳುಹೊಯ್ದುಕೊಳ್ಳುವುದು ಅನ್ಯಾಯ.

ಇಬ್ಬರು ಹೆಣ್ಣುಮಕ್ಕಳ ತಾಯಿ:
‘ದನ’ಕ್ಕೂ ‘ಧನ’ಕ್ಕೂ ಅಂತರ ಬೇಡವೆನ್ನುವಿರಾ? ನಿಘಂಟಿನಲ್ಲಿ ‘ಧ’ಕಾರದ ಕೆಳಗಿರುವ ಪದವನ್ನು ‘ದ’ಕಾರದಲ್ಲಿ ಹುಡುಕುವ ಮಗು ಬರಿಗೈಯಲ್ಲಿ ಎದ್ದುಬರುತ್ತದೆ. ನಿಮ್ಮ ಸಿದ್ಧಾಂತಕ್ಕೆ ಬೇರೆಯವರ ಮಕ್ಕಳನ್ನು ಒಡ್ಡಬೇಡಿ.

ಹೊಸ ಬರಹದ ಓದುಗ:
‘ಕರಿ’ ಎಂದರೆ ಆನೆಯೂ ಹೌದು, ಕಪ್ಪೂ ಹೌದು, ಎಣ್ಣೆಯಲ್ಲಿ ಬೇಯಿಸುವುದೂ ಹೌದು. ಅಲ್ಲಿ ಯಾರಿಗೂ ಗೊಂದಲವಾಗದಿದ್ದರೆ ‘ದನ’ದಲ್ಲಿ ಏಕೆ ಆಗಬೇಕು, ಮೇಡಂ? ಸಿದ್ಧಾಂತಕ್ಕೆ ಒಡ್ಡುತ್ತಿರುವವರು ಯಾರೆಂಬುದನ್ನು ಪತ್ರಪ್ರಿಯೆಯವರ ಮಗಳ ಬೆರಳುಗಳೇ ಹೇಳುತ್ತವೆ.

ಪತ್ರಪ್ರಿಯೆ:
ನನ್ನ ಮಗಳನ್ನು ನಿಮ್ಮ ಜಗಳಕ್ಕೆ ಎಳೆಯಬೇಡಿ. ಅವಳಿಗೆ ಮಹಾಪ್ರಾಣ ಬೇಡವೆಂದು ನಾನು ಹೇಳಿಲ್ಲ; ಪುಟ ತುಂಬಿಸುವುದು ಬೇಡವೆಂದೆ.

ಒಬ್ಬ ತಂದೆ:
‘ಶಿಸ್ತಿಲ್ಲದ ಮನೆ’ ಎಂಬ ಮಾತನ್ನು ನಾವು ನೆಂಟರ ಬಾಯಲ್ಲಿ ಸಾಕಷ್ಟು ಕೇಳಿದ್ದೇವೆ, ಇಲ್ಲಿಯೂ ಕೇಳಬೇಕಾದದ್ದು ನೋವಿನ ಸಂಗತಿ. ನನ್ನ ಮಗನಿಗೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವಲ್ಲಿನ ತೊಡಕು, ಇದೆ. ಅದು ತಿಳಿಯುವ ಮುನ್ನ ಬರೆಸಿದ ಕಾಪಿಗೆ ಲೆಕ್ಕವಿಲ್ಲ. ನೋಡಿ ಬರೆದಾಗ ಎಲ್ಲವೂ ಸರಿ, ಪುಸ್ತಕ ಮುಚ್ಚಿದೊಡನೆ ಒತ್ತಕ್ಷರಗಳೇ ಇರುತ್ತಿರಲಿಲ್ಲ. ಅವನನ್ನು ಹೆಚ್ಚು ಕಾಡಿದ್ದು ಮಹಾಪ್ರಾಣವಲ್ಲ, ಅರ್ಕಾವತ್ತು. ‘ಕಾರ್ಯ’ ಎಂದು ನುಡಿಯುವಾಗ ‘ರ’ಕಾರ ಮೊದಲು, ‘ಯ’ಕಾರ ನಂತರ, ಬರೆಯುವಾಗ ಆ ‘ರ’ಕಾರದ ಗುರುತು ‘ಯ’ಕಾರವನ್ನು ದಾಟಿ ಬಲಕ್ಕೆ ಕೂರುತ್ತದೆ. ಪದವನ್ನು ‘ಕಾರ್’ ಮತ್ತು ‘ಯ’ ಎಂದು ಬಿಡಿಸಿ ಜೋರಾಗಿ ಹೇಳಿಸಿ, ಎರಡನೆಯ ತುಂಡನ್ನು ಬರೆದ ನಂತರವೇ ಅರ್ಕಾವತ್ತನ್ನು ಮರಳಿನ ಮೇಲೆ ಬೆರಳಿನಿಂದ ಹಾಕಿಸಿದೆವು, ಅದು ಕೈಗೆ ಕೂತ ಮೇಲೆ ಕಾಗದಕ್ಕೆ ಬಂದೆವು. ಒಂದು ವರ್ಷದ ಪಾಠಗಳೆಲ್ಲ ಹಿಂದೆ ಬಿದ್ದವು. ಹೊಸ ಬರಹ ನಾಳೆಯೇ ಜಾರಿಗೆ ಬಂದರೂ ನಮಗೆ ಆ ವರ್ಷ ಉಳಿಯುತ್ತಿರಲಿಲ್ಲ.

ಪ್ರಶ್ನೆ ಕೇಳಿದವರೇ, ನಿಮ್ಮ ಮಗ ‘ವಿಧ್ಯಾರ್ತಿ’ಯಲ್ಲಿ ಒತ್ತನ್ನೂ ಅರ್ಕಾವತ್ತನ್ನೂ ಅವುಗಳ ಜಾಗದಲ್ಲೇ ಹಾಕಿದ್ದಾನೆ, ತಪ್ಪಿರುವುದು ‘ದ’ಕಾರ ಮತ್ತು ‘ಥ’ಕಾರಗಳು ಮಾತ್ರ. ನನ್ನ ಮಗ ಆ ಪದವನ್ನು ‘ವಿದಾತಿ’ ಎಂದು ಬರೆಯುತ್ತಿದ್ದ.